ಭದ್ರಮ್ಮನ ಹೊರಬೀಡು

ಸೀಗೇಪಾಳ್ಯದ ಭದ್ರಮ್ಮನಿಗೆ ನಲ್ಲಿ ನೀರು ಕಂಡರೆ ಆಗುತ್ತಿರಲಿಲ್ಲ. ಊರಿಗೆ ಬೋರ್‌ವೆಲ್ ಬಂದು, ಟ್ಯಾಂಕು ಎದ್ದು, ಬೀದಿಗೊಂದು ನಲ್ಲಿ ನಿಂತು, ದೊಡ್ಡ ಮನುಷ್ಯರು ಬಂದು ಹಾರ ಹಾಕಿಸಿಕೊಂಡು ಹೋದ ಮೇಲೂ ಆಕೆ ದಿನಾ ಬೆಳಿಗ್ಗೆ ಸೊಂಟಕ್ಕೆ ಬಿಂದಿಗೆ ಏರಿಸಿ ಹೊಳೆದಂಡೆಯ ಒರತೆಗೇ ಹೋಗುತ್ತಿದ್ದಳು. ಈ ವಯಸ್ಸಿನಲ್ಲಿ ಯಾಕಮ್ಮಾ ಈ ಕಷ್ಟ ಅಂದವರಿಗೆ ಒಂದೇ ಉತ್ತರ.

"ಆ ನಲ್ಲಿ ನೀರ್ನಾಗೆ ಬೇಳೆ ಬೇಯಾಕಿಲ್ಲ ಕಣವ್ವಾ. ಬೇಳೆ ಬೇಯ್ಸದ ನೀರು ಒಟ್ಟೆಗೋಗಿ ಏನ್ ಉದ್ಧಾರ ಮಾಡ್ತದೆ?"

ಮಾತು ಸುಳ್ಳಲ್ಲ. ಬೋರ್‌ವೆಲ್ ನೀರಿನಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಒರತೆ ನೀರಿನಲ್ಲಿ ಒಂದು ಕುದಿಗೆ ಕರಗಿ ಬೆಣ್ಣೆಯಾಗುತ್ತಿತ್ತು. ಆದರೆ ಬೇಳೆಯದು ಅರ್ಧ ಮಾತ್ರ ನಿಜ. ಭದ್ರಮ್ಮನಿಗೆ ಆ ಜಾಗ ಬೇಕಿತ್ತು. ಮಾಕಳಿಯಿಂದ ಪಡುವಣಕ್ಕೆ ಇಳಿದರೆ ಅರ್ಕಾವತಿ ಒಂದು ಬಂಡೆಗೆ ಮೈ ಉಜ್ಜಿಕೊಂಡು ಹೊರಳುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಮರಳು ಕಾಣಿಸಿದರೂ ಆ ಬಂಡೆಯ ಬುಡದ ಸಂದಿಯಿಂದ ತೋಳು ದಪ್ಪ ನೀರು ಸದ್ದಿಲ್ಲದೆ ಬರುತ್ತಲೇ ಇರುತ್ತಿತ್ತು. ಅದರ ಮೇಲುಗಡೆಗೆ ಹೊಂಗೆ, ಹಿಪ್ಪೆ, ಹುಣಸೆಯ ತೋಪು. ಕೆಲವು ವರ್ಷದ ಹಿಂದೆ ಯಾರೋ ಆಫೀಸಿನವರು ಬಂದು ಅದಕ್ಕೆ ತಂತಿ ಬೇಲಿ ಹಾಕಿಸಿ, ನಾಲ್ಕು ಸಿಮೆಂಟು ಬೆಂಚು, ಬಾಯಿ ತೆರೆದ ಮೊಲದಂಥ ಒಂದು ಕಸದ ಡಬ್ಬ ಇಟ್ಟು, 'ವಿಹಾರವನ' ಅಂತ ಬೋರ್ಡು ಬರೆಸಿದ್ದರು. ಅಲ್ಲಿಂದಾಚೆಗೆ ಭಾನುವಾರ ಬಂತೆಂದರೆ ಪೀಣ್ಯದ ಕಾರ್ಖಾನೆಗಳ ಜನ ಮೆಟಡಾರ್ ಮಾಡಿಕೊಂಡು ಬಂದು, ಮರಕ್ಕೆ ಟಾರ್ಪಾಲು ಕಟ್ಟಿ, ಟ್ರಾನ್ಸಿಸ್ಟರ್ ಹಚ್ಚಿ, ಕೋಳಿ ಬೇಯಿಸಿಕೊಂಡು ತಿಂದು ಹೋಗುತ್ತಿದ್ದರು.

"ನಾವು ಕುಂತ್ರೆ ತೋಪು, ಅವರು ಕುಂತ್ರೆ ಪಾರ್ಕು" ಎಂದು ಭದ್ರಮ್ಮ ಮೂಗು ಮುರಿಯುತ್ತಿದ್ದಳು. ಹಾಗೆಂದು ಅವರಲ್ಲಿ ಯಾರಾದರೂ ಉಪ್ಪು ಮರೆತು ಬಂದಿದ್ದರೆ ಮನೆಗೆ ಹೋಗಿ ತಂದುಕೊಡುತ್ತಿದ್ದವಳೂ ಅವಳೇ. ಬೈದುಕೊಂಡೇ ಕೊಡುತ್ತಿದ್ದಳು, ಅದು ಬೇರೆ ಮಾತು.

ಆ ತೋಪಿನಲ್ಲಿ ಒರತೆಗೆ ತೀರ ಹತ್ತಿರದ ಹೊಂಗೆ ಮರ ಭದ್ರಮ್ಮನ ಮನೆಯದು. ಮನೆಯದು ಅಂದರೆ ಕಾಗದಪತ್ರದಲ್ಲಲ್ಲ. ಸೀಗೇಪಾಳ್ಯಕ್ಕೆ ಒಂದು ಹಳೆಯ ಪದ್ಧತಿ ಇತ್ತು. ದನಕ್ಕೋ ಮಕ್ಕಳಿಗೋ ರೋಗ ಬಿದ್ದ ವರ್ಷ ಊರಿಗೆ ಊರೇ ಮನೆ ಬಾಗಿಲು ಎಳೆದುಕೊಂಡು, ದನಕರು, ಕೋಳಿ, ಮುದುಕರು, ಕೂಸುಗಳ ಸಮೇತ ಹೊಳೆದಂಡೆಗೆ ಹೋಗಿ ಬಿಡಾರ ಹೂಡಬೇಕು. ಅಲ್ಲೇ ಅಡುಗೆ, ಅಲ್ಲೇ ಊಟ. ಊರಿನಲ್ಲಿ ಒಂದು ನರಪಿಳ್ಳೆ ಇರಬಾರದು, ಒಂದು ಒಲೆ ಉರಿಯಬಾರದು. ಖಾಲಿ ಊರು ನೋಡಿ ಮಾರಿ ಬೇಸತ್ತು ಹೊರಟುಹೋಗುತ್ತಾಳೆ. ಸಂಜೆ ಒರತೆಯ ನೀರು ಚಿಮುಕಿಸಿ, ದನಗಳನ್ನು ಮುಂದೆ ಬಿಟ್ಟುಕೊಂಡು ಜನ ಊರೊಳಗೆ ಹೋಗಬೇಕು. ಇದಕ್ಕೆ ಹೊರಬೀಡು ಅನ್ನುತ್ತಾರೆ. ಬೀಡಿನ ದಿನ ಒಂದೊಂದು ಮನೆಗೆ ಒಂದೊಂದು ಮರ. ಆ ಮರದ ಕೆಳಗೆ, ಊರ ಯಜಮಾನ ಕೊಟ್ಟ ಕೆಂಡದಿಂದ ಹತ್ತಿಸಿದ ಆ ಮನೆಯ ಒಲೆ. ಬೀಡಿನಲ್ಲಿ ಯಾವ ಮರದ ಕೆಳಗೆ ಒಲೆ ಹತ್ತಲಿಲ್ಲವೋ ಆ ಮರ ಮುಂದಕ್ಕೆ ದಾಯಾದಿಗಳ ಪಾಲು.

ಭದ್ರಮ್ಮ ಚಿಕ್ಕಬೈರಪ್ಪನ ಕೈ ಹಿಡಿದು ಬಂದ ವರ್ಷವೇ ಊರಿನಲ್ಲಿ ಪ್ಲೇಗು ಬಂದು ಹೊರಬೀಡು ಆಗಿತ್ತು. ಹದಿನಾರರ ಹುಡುಗಿ, ಅತ್ತೆಯ ಮನೆಯ ಒಲೆಯನ್ನು ಮೊಟ್ಟಮೊದಲು ಊದಿದ್ದು ಅಡುಗೆಮನೆಯಲ್ಲಲ್ಲ, ಆ ಹೊಂಗೆಯ ಕೆಳಗೆ. ಹಸಿ ಸೌದೆ, ಹೊಗೆ ಕಣ್ಣಿಗೆ ತುಂಬಿ ನೀರು ಧಾರಾಕಾರ. ಹೊಸ ಗಂಡ ಯಾರಿಗೂ ಕಾಣದ ಹಾಗೆ ಒಣಗಿದ ತೆಂಗಿನ ಗರಿ ತಂದು ಪಕ್ಕದಲ್ಲಿ ಎಸೆದು ಹೋಗಿದ್ದ. ಗಂಡ ಒಳ್ಳೆಯವನು ಅಂತ ಗೊತ್ತಾಗಿದ್ದು ಆವತ್ತೇ ಎಂದು ಆಕೆ ಮುದುಕಿಯಾದ ಮೇಲೂ ನಾಚಿಕೊಂಡು ಹೇಳುತ್ತಿದ್ದಳು. ಹೆತ್ತ ಎರಡು ಕೂಸು ಕೈಗೆ ದಕ್ಕಲಿಲ್ಲ. ಹೊಲವೆಲ್ಲ ಕೈಗಾರಿಕಾ ಬಡಾವಣೆಗೆ ಹೋಯಿತು. ರಾಗಿ ಬೆಳೆಯುತ್ತಿದ್ದ ಚಿಕ್ಕಬೈರಪ್ಪ ಬಂದ ಪರಿಹಾರದಲ್ಲಿ ಹಿತ್ತಲಿಗೆ ಹೆಂಚಿನ ಐದು ಕೋಣೆ ಸಾಲಾಗಿ ಕಟ್ಟಿಸಿ, ಕಾರ್ಖಾನೆಯವರಿಗೆ ಬಾಡಿಗೆಗೆ ಬಿಟ್ಟ. "ಇನ್ನು ನಾವು ಕೂಲಿಕಾರ್ರನ್ನ ಬೆಳ್ಕಂಡು ತಿನ್ನೋದು ಕಣಮ್ಮಿ" ಎಂದು ನಕ್ಕಿದ್ದ. ನಕ್ಕವನು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ.

ಬಾಡಿಗೆದಾರರ ಪಾಲಿಗೆ ಭದ್ರಮ್ಮ ಸಿಡಿಲು. ಬಚ್ಚಲಲ್ಲಿ ಸೋಪು ಬಿಟ್ಟರೆ ಬೈಗುಳ, ರಾತ್ರಿ ಲೈಟು ಉರಿಸಿದರೆ ಬೈಗುಳ, ರೇಡಿಯೋ ಗಟ್ಟಿ ಹಾಕಿದರೆ ಅವರ ವಂಶಾವಳಿಯ ವಿಚಾರಣೆ. ಕಡೇ ಕೋಣೆಗೆ ಶ್ಯಾಮಣ್ಣ ಎಂಬ ಹುಡುಗ ಹೆಂಡತಿಯನ್ನು ಕರೆದುಕೊಂಡು ಬಂದದ್ದು ಚಿಕ್ಕಬೈರಪ್ಪ ಹೋದ ಮಾರನೇ ವರ್ಷ. ಹಿರಿಯೂರಿನ ಕಡೆಯವರು. ಅವನು ಪೀಣ್ಯದ ಒಂದು ಪುಟ್ಟ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೆಂಡತಿ ಅನುಸೂಯಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಬಂದ ಆರೇಳು ತಿಂಗಳಿಗೆ ಆ ಹುಡುಗಿಗೆ ಬಸಿರು ಇಳಿದುಹೋಯಿತು. ತವರಿನಿಂದ ಬರುವವರು ಯಾರೂ ಇರಲಿಲ್ಲ. ಭದ್ರಮ್ಮ ಅವಳನ್ನು ಎಬ್ಬಿಸಿಕೊಂಡು ಬಂದು ತನ್ನ ಮನೆಯ ಒಳಕೋಣೆಯಲ್ಲಿ ಮಲಗಿಸಿ, ಹದಿನೈದು ದಿನ ಮೆಣಸಿನ ಸಾರು ಮಾಡಿ ಹಾಕಿ, ಬಿಸಿನೀರು ಹೊಯ್ದು, ತಲೆಗೆ ಸಾಂಬ್ರಾಣಿ ಹೊಗೆ ಕೊಟ್ಟಳು. ಆಗಿದ್ದರ ಬಗ್ಗೆ ಒಂದು ಮಾತು ಎತ್ತಲಿಲ್ಲ. ಆಮೇಲಿಂದ ಅನುಸೂಯ ಅವಳನ್ನು "ಅಮ್ಮಾ" ಅನ್ನತೊಡಗಿದಳು. ಭದ್ರಮ್ಮ ಮಾತ್ರ ಬಚ್ಚಲಿನ ಸೋಪಿಗೆ ಬೈಯುವುದನ್ನು ಬಿಡಲಿಲ್ಲ.

ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಊರಿನ ದನಗಳಿಗೆ ಕಾಲುಬಾಯಿ ಜ್ವರ ಬಂತು. ಕಾರ್ಖಾನೆ ಬಂದರೇನು, ಊರಿನಲ್ಲಿ ಇನ್ನೂ ಹಾಲು ಕರೆಯುವ ಮನೆಗಳಿದ್ದವು. ಊರ ಯಜಮಾನ ದೊಡ್ಡಮುನಿಯಪ್ಪ ಹಿರಿಯರನ್ನು ಕೂಡಿಸಿ, ಬರುವ ಮಂಗಳವಾರ ಹೊರಬೀಡು ಎಂದು ಸಾರಿದ. ಸಾರಿದ ಸಂಜೆಯೇ ಭದ್ರಮ್ಮನ ಜಗಲಿಗೆ ಮೈದುನ ರಾಮಾಂಜಿನಪ್ಪ ಬಂದು ಕೂತ.

"ಅತ್ಗೆ, ಈ ಸಲ ಒಬ್ರೇ ಯಾಕೆ ಒದ್ದಾಡ್ತೀರಾ? ನಮ್ ಮರದ ತಾವ್ಕೇ ಬಂದ್ಬುಡಿ. ನಮ್ಮನೆಯೋಳೂ ಅದೇ ಅಂತಾವ್ಳೆ."

"ನಾನು ನಿನ್ ಮರದ ತಾವ್ಕೆ ಬಂದ್ರೆ ನನ್ ಮರದ ತಾವ್ಕೆ ಯಾರು ಓಗ್ತಾರೆ? ಅದನ್ನೂ ನಿಮ್ಮನೆಯೋಳೇ ಯೋಳವ್ಳಾ?"

ರಾಮಾಂಜಿನಪ್ಪ ಕೆಟ್ಟವನಲ್ಲ. ಅವನಿಗೆ ಮೂರು ಗಂಡುಮಕ್ಕಳು, ಇದ್ದದ್ದು ಬಿಸಿಲಿಗೆ ಬೀಳುವ ಒಂದು ಬೋಳು ಹುಣಸೆ. ಒರತೆ ಪಕ್ಕದ ಹೊಂಗೆಯ ಮೇಲೆ ಕಣ್ಣಿಟ್ಟದ್ದು ತಪ್ಪೂ ಅಲ್ಲ. ಆದರೆ ಭದ್ರಮ್ಮನಿಗೆ ಗೊತ್ತಿತ್ತು: ಒಮ್ಮೆ ಅವನ ಮರದ ಕೆಳಗೆ ಹೋಗಿ ಕೂತಳೆಂದರೆ ಮುಗಿಯಿತು. ಚಿಕ್ಕಬೈರಪ್ಪನ ಮನೆ ಎಂಬುದೊಂದು ಊರಿನ ಲೆಕ್ಕದಿಂದ ಅಳಿಸಿಹೋಗುತ್ತದೆ. ಆಕೆ ಇನ್ನೊಬ್ಬರ ಪಂಕ್ತಿಯಲ್ಲಿ ಕಡೆಗೆ ಕೂರುವ ಮುದುಕಿಯಾಗುತ್ತಾಳೆ. ಮರ ಹೋದರೂ ಹೋಗಲಿ, ಇದು ಅವಳಿಗೆ ಬೇಡವಾಗಿತ್ತು. ತನ್ನ ಮರಕ್ಕೇ ಕೆಂಡ ಕೇಳಲು ಸೀದಾ ಯಜಮಾನನ ಮನೆಗೆ ಹೋದಳು.

ದೊಡ್ಡಮುನಿಯಪ್ಪ ಎಲೆಗೆ ಸುಣ್ಣ ಸವರುತ್ತಾ ಎಲ್ಲ ಕೇಳಿದ. "ಭದ್ರಮ್ಮ, ಬೀಡ್ನಾಗೆ ಕೆಂಡ ಕೊಡೋದು ಮನೆಗೆ ಕಣವ್ವಾ. ಬೇಯ್ಸೋರೊಬ್ರು, ಉಣ್ಣೋರೊಬ್ರು ಇರ್ಬೇಕು. ನೀನೇ ಬೇಯ್ಸಿ ನೀನೇ ಉಂಡ್ರೆ ಅದು ಬೀಡಲ್ಲ, ಬುತ್ತಿ. ಇದು ನಾನ್ ಮಾಡಿದ್ದಲ್ಲ, ಇರೀಕರು ಮಾಡಿದ್ದು."

"ನನ್ ವಠಾರದಾಗೆ ಐದು ಒಲೆ ಉರೀತಾವೆ ಬಾವ."

"ಬಾಡಿಗೆಯೋರು ಮನೆಯೋರಾಗ್ತಾರಾ?"

ಭದ್ರಮ್ಮ ಸೆರಗು ಕೊಡವಿಕೊಂಡು ಎದ್ದಳು. ತಿರುಗಿ ಒಂದು ಬೈಗುಳವನ್ನೂ ಬೈಯದೆ ಆಕೆ ಯಾರದೇ ಜಗಲಿ ಇಳಿದದ್ದು ಬಹುಶಃ ಅದೇ ಮೊದಲು.

ಸೋಮವಾರ ಸಂಜೆ ತಮಟೆ ಬಡಿಯಿತು. ಭದ್ರಮ್ಮ ತನ್ನ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಹಿತ್ತಲಿಗೆ ಹೋಗಿ ಐದು ಕೋಣೆಯ ಬಾಗಿಲ ಮುಂದೂ ನಿಂತು ಕೂಗಿದಳು. "ನಾಳೆ ಊರಾಗೆ ಒಲೆ ಉರೀಬಾರ್ದು, ಯಾರೂ ಇರಬಾರ್ದು. ಕಾರ್ಖಾನೆಗೆ ಓಗೋರು ಓಗಿ, ಮಿಕ್ಕೋರು ತೋಪಿಗೆ ಬನ್ನಿ." ಅನುಸೂಯ ಬಾಗಿಲಿಗೆ ಬಂದು, "ಅಲ್ಲಿ ನಿಮ್ಗೆ ಊಟ ಎಲ್ಲಮ್ಮಾ?" ಎಂದು ಕೇಳಿದಳು. "ಎಲ್ಲೋ ಒಂದು ಕಡೆ. ಮುದುಕಿಗೇನು, ಒಂದೊತ್ತು ಬಿಟ್ರೆ ಸಾಯಾಕಿಲ್ಲ" ಎಂದು ಭದ್ರಮ್ಮ ಮುಖ ತಿರುಗಿಸಿಕೊಂಡು ಹೋದಳು.

ಎಡವಟ್ಟಾದದ್ದು ಇಲ್ಲೇ. ಸೀಗೇಪಾಳ್ಯದವರಿಗೆ ಬೀಡಿನ 'ನಾಳೆ' ತಮಟೆ ಬಡಿದ ಗಳಿಗೆಯಿಂದಲೇ ಶುರು. ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಅದಕ್ಕೇ ಬಿಡಿಸಿ ಹೇಳಬೇಕೆಂದು ಭದ್ರಮ್ಮನಿಗೆ ಹೊಳೆಯಲೇ ಇಲ್ಲ. ಅನುಸೂಯಳ ಊರಿನಲ್ಲಿ ಇಂಥ ಬೀಡಿರಲಿಲ್ಲ. ಅಲ್ಲಿ ಹೊತ್ತು ಹುಟ್ಟಿದರೇ ಹೊಸ ದಿನ. ಅವಳು ಹುಡುಗುಬುದ್ಧಿಯಲ್ಲಿ ಲೆಕ್ಕ ಹಾಕಿದಳು: ಕೋಳಿ ಕೂಗುವ ಮುಂಚೆ ಎದ್ದು ಅಡುಗೆ ಮುಗಿಸಿ ಒಲೆ ಆರಿಸಿಬಿಟ್ಟರೆ ನೇಮಕ್ಕೆ ಭಂಗವಿಲ್ಲ, ಅಮ್ಮ ಯಾರ ಮರದ ಕೆಳಗೂ ಕೈ ಒಡ್ಡಬೇಕಾಗಿಯೂ ಇಲ್ಲ. ಹಾಗೇ ಮಾಡಿದಳು.

ಮಂಗಳವಾರ ಹೊತ್ತೇರುವ ಹೊತ್ತಿಗೆ ತೋಪು ಊರಾಗಿತ್ತು. ಮರಮರಕ್ಕೆ ಸೀರೆ ಕಟ್ಟಿದ ಮರೆ, ಕೊಂಬೆಗೆ ಜೋಲಿ, ಬೇರಿಗೆ ಕಟ್ಟಿದ ಎಮ್ಮೆ. ಸಿಮೆಂಟು ಬೆಂಚಿನ ಮೇಲೆ ಕೋಳಿ ಪಂಜರ. ಮೊಲದ ಬಾಯಿಗೆ ಯಾರೋ ಸೌತೆಕಾಯಿ ಸಿಪ್ಪೆ ತುಂಬಿದ್ದರು. ದೊಡ್ಡಮುನಿಯಪ್ಪ ಒರತೆಯ ಬಂಡೆಯ ಮೇಲೆ ಬೀಡಿನ ಬೆಂಕಿ ಹಚ್ಚಿ, ಮನೆಮನೆಯವರಿಗೆ ಮಡಕೆಯ ಚೂರಿನಲ್ಲಿ ಕೆಂಡ ಕೊಟ್ಟ. ಹೊಂಗೆಯ ಕೆಳಗೆ ಭದ್ರಮ್ಮ ಮೂರು ಕಲ್ಲು ಹೂಡಿ, ಬೂದಿಯಿಲ್ಲದ ಆ ಕಲ್ಲಿನ ಮುಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ರಾಮಾಂಜಿನಪ್ಪನ ಹೆಂಡತಿ ಮಾರಕ್ಕ ಎರಡು ಸಲ ಬಂದು ಕರೆದಳು. "ಹಸಿವಿಲ್ಲ" ಎಂದಳು ಭದ್ರಮ್ಮ. ಸುತ್ತಲೂ ಹುರಿದ ಮಸಾಲೆಯ ಘಮ. ಹಸಿವಿಲ್ಲ ಎಂಬ ಮಾತನ್ನು ನಂಬುವವರು ಯಾರು?

ಉಳಿದ ನಾಲ್ಕು ಕೋಣೆಯವರು ಕಾರ್ಖಾನೆಗೆ ಹೋಗಿದ್ದರು. ಅಷ್ಟರಲ್ಲಿ ಅನುಸೂಯ, ಅವಳ ಹಿಂದೆ ರಜ ಹಾಕಿದ್ದ ಶ್ಯಾಮಣ್ಣ ಬಂದರು. ಹುಡುಗಿ ಪಕ್ಕದಲ್ಲಿ ಕೂತು ಟಿಫನ್ ಕ್ಯಾರಿಯರ್ ತೆಗೆದಳು. ಕಂಬಳಿ ಸುತ್ತಿ ಇಟ್ಟಿದ್ದರಿಂದ ಬಿಸಿ ಇನ್ನೂ ಆರಿರಲಿಲ್ಲ. ಅವರೆಕಾಳಿನ ಹುಳಿ, ಅನ್ನ.

"ಉಣ್ಣಿ ಅಮ್ಮಾ. ನಿನ್ನೆ ನೀವೇ ತಂದ ಒರತೆ ನೀರಲ್ಲೇ ಬೇಯ್ಸಿದ್ದು."

ಭದ್ರಮ್ಮನ ಮುಖದ ಬಣ್ಣ ಇಳಿಯಿತು. "ಎಲ್ ಬೇಯ್ಸ್ದೆ? ಯಾವಾಗ?"

"ಮನೇಲಿ. ಹೊತ್ತು ಹುಟ್ಟೋ ಮುಂಚೆನೇ ಒಲೆ ಆರಿಸ್ಬಿಟ್ಟೆ."

ಭದ್ರಮ್ಮ ಕ್ಯಾರಿಯರ್ ಮುಚ್ಚುವಷ್ಟರಲ್ಲಿ ಹುಳಿಯ ಘಮ ಮಾರಕ್ಕನ ಮೂಗಿಗೆ ಮುಟ್ಟಿತ್ತು. ಒಲೆಯಿಲ್ಲದ ಮರದ ಕೆಳಗೆ ಬಿಸಿ ಅನ್ನ! "ಅಯ್ಯಯ್ಯೋ, ತಮಟೆ ಆದ್ಮೇಲೆ ಊರಾಗೆ ಒಲೆ ಅಚ್ಚವ್ಳೆ! ಬೀಡು ಕೆಟ್ಟೋಯ್ತು!" ಎಂದು ಮಾರಕ್ಕ ಕೂಗಿದ್ದು ಹೊಳೆಯಾಚೆಗೂ ಕೇಳಿಸಿರಬೇಕು. ಗಳಿಗೆಯಲ್ಲಿ ಜನ ಸುತ್ತುವರಿದರು. ಪರಸ್ಥಳದವರನ್ನು ಇಟ್ಟುಕೊಂಡರೆ ಹೀಗೇ ಅಂದರು ಒಬ್ಬರು. ಇವತ್ತೇ ಗಂಟುಮೂಟೆ ಕಟ್ಟಿಸಿ ಕಳಿಸಿ ಅಂದರು ಇನ್ನೊಬ್ಬರು. ಶ್ಯಾಮಣ್ಣ ಕೈ ಮುಗಿದುಕೊಂಡು "ಗೊತ್ತಿರ್ಲಿಲ್ಲ ಸಾರ್, ಗೊತ್ತಿರ್ಲಿಲ್ಲ" ಎಂದು ಎಲ್ಲರಿಗೂ ಹೇಳುತ್ತಿದ್ದ. ಅನುಸೂಯ ಹೆದರಿ ಭದ್ರಮ್ಮನ ಸೆರಗು ಹಿಡಿದಿದ್ದಳು.

ದೊಡ್ಡಮುನಿಯಪ್ಪ ನಿಧಾನವಾಗಿ ಬಂದು ಬೇರಿನ ಮೇಲೆ ಕೂತ. "ಕೇಳಿ. ತಪ್ಪು ಒರಗಿನೋರ್ದಾದ್ರೆ ಅವರು ಊರು ಬಿಡ್ಲಿ, ಅಲ್ಲಿಗೆ ಮುಗೀತು. ತಪ್ಪು ಊರಿನ ಮನೇದಾದ್ರೆ ಆ ಮನೆಯೋರು ಇವತ್ತು ನಮ್ ಜೊತೆ ಊರೊಳಿಕ್ಕೆ ಬರಂಗಿಲ್ಲ. ಇಲ್ಲೇ ಒಲೆ ಉರುಸ್ಕೊಂಡು ಬೀಡು ಕಾದು, ಬೆಳಿಗ್ಗೆ ಒರತೇಲಿ ಮಿಂದು ಬರ್ಬೇಕು. ಭದ್ರಮ್ಮ, ಏನಂತೀಯ?"

ಭದ್ರಮ್ಮ ಸುಮ್ಮನಿದ್ದಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಹೊರಗಿನವರು ಹೋಗುತ್ತಿದ್ದರು, ಸಂಜೆಗೆ ಆಕೆ ಎಲ್ಲರ ಜೊತೆ ಮನೆ ಸೇರುತ್ತಿದ್ದಳು. ಅವಳು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ತಪ್ಪು ನಮ್ಮನೇದು ಬಾವ. ಈ ಎಣ್ಣು ಒಲೆ ಅಚ್ಚಿದ್ದು ನನ್ ಸೂರಿನ ಕೆಳಗೆ. ಯಾವಾಗ್ಲಿಂದ ಅಚ್ಚಬಾರ್ದು ಅಂತ ಬಿಡ್ಸಿ ಯೋಳ್ದೆ ಓದೋಳು ನಾನು. ಇವ್ಳಿಗೆ ಯಾರಾದ್ರೂ ಒಂದು ಮಾತಂದ್ರೆ ನಾನು ಸುಮ್ಕಿರಾಕಿಲ್ಲ."

ಹೊಂಗೆ ಕೈತಪ್ಪುತ್ತಿದೆ ಎಂದು ರಾಮಾಂಜಿನಪ್ಪನಿಗೆ ಆಗ ಹೊಳೆಯಿತು. "ಅದೆಂಗೆ ಯಜಮಾನ್ರೇ? ಬಾಡಿಗೆಯೋರು ಅತ್ಗೆ ಮನೆಯೋರು ಎಂಗಾಗ್ತಾರೆ? ನೀವೇ ಅಂದಿದ್ರಿ."

"ಅಂದಿದ್ದೆ," ಎಂದ ಮುದುಕ. ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. "ಅವರು ಒರಗಿನೋರಾದ್ರೆ ಅವರ ಒಲೆ ಊರಿನ ಒಲೆ ಅಲ್ಲ, ಬೀಡು ಕೆಟ್ಟೇ ಇಲ್ಲ. ಕೆಟ್ಟೈತೆ ಅಂತ ಕೂಗಿದ್ದು ನಿಮ್ಮನೆಯೋಳು. ಏನಪ್ಪಾ, ಕೆಟ್ಟಿಲ್ಲ ಅಂತ ನೀನು ಬರವಸೆ ಕೊಡ್ತೀಯಾ? ನಾಳೆ ಯಾರ್ದಾರ ಎಮ್ಮೆ ಕಾಲು ಚಾಚಿದ್ರೆ ನೀನು ಜವಾಬು ಯೋಳ್ತೀಯಾ?"

ರಾಮಾಂಜಿನಪ್ಪನ ಕರಿ ಎತ್ತು ಮೂರು ದಿನದಿಂದ ಮೇವು ಮುಟ್ಟಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ, ಮಾರಕ್ಕ ನೆಲ ನೋಡಿದಳು. ಗುಂಪಿನಲ್ಲಿ ಯಾರೂ ಭರವಸೆ ಕೊಡಲು ಮುಂದೆ ಬರಲಿಲ್ಲ.

"ಅಂಗಾದ್ರೆ ಕೆಟ್ಟೈತೆ. ಕೆಟ್ಟೈತೆ ಅಂದ್ಮೇಲೆ ಇವ್ರು ಊರೋರು, ಈ ಮನೆಯೋರು" ಎಂದು ದೊಡ್ಡಮುನಿಯಪ್ಪ ಮಂಡಿ ಹಿಡಿದುಕೊಂಡು ಎದ್ದ. "ಬೀಡು ಕಾಯೋ ಮನೆಗೆ ಕೆಂಡ ಕೊಡ್ದೆ ಇರಾಕಾಗಲ್ಲ. ಬಾರಯ್ಯ ಶ್ಯಾಮಣ್ಣ, ಒಂದು ಮಡಕೆ ಓಡು ತಗೊಂಬಾ." ಆ ಕಿಲಾಡಿ ಮುದುಕ ಇದನ್ನೆಲ್ಲ ಬೇಕೆಂದೇ ಮಾಡಿದನೋ, ಹಿರೀಕರ ನೇಮವೇ ಅವನ ಬಾಯಲ್ಲಿ ಹೀಗೆ ತಿರುಗಿತೋ, ಇವತ್ತಿಗೂ ಊರಿನಲ್ಲಿ ಎರಡು ಮಾತಿದೆ. ಭದ್ರಮ್ಮನನ್ನು ಕೇಳಿದರೆ, "ಅವನಿಗೆ ಅಷ್ಟು ಬುದ್ಧಿ ಎಲ್ಲೈತೆ" ಅನ್ನುತ್ತಿದ್ದಳು.

ಸಂಜೆ ದನಗಳನ್ನು ಮುಂದೆ ಬಿಟ್ಟುಕೊಂಡು ಊರು ಊರಿಗೆ ಹೋಯಿತು. ಧೂಳು ಅಡಗಿದ ಮೇಲೆ ತೋಪಿನಲ್ಲಿ ಉಳಿದದ್ದು ಮೂವರು. ಹೊಂಗೆಯ ಕೆಳಗೆ ಒಲೆ ಹತ್ತಿತ್ತು. ಶ್ಯಾಮಣ್ಣ ಭಾನುವಾರದ ಜನ ಬಿಟ್ಟುಹೋಗಿದ್ದ ಹರಕಲು ಟಾರ್ಪಾಲನ್ನು ಕೊಂಬೆಗೆ ಕಟ್ಟಿದ್ದ. ಅದು ಎರಡು ಸಲ ಬಿತ್ತು, ಭದ್ರಮ್ಮ ಎರಡು ಸಲವೂ ಬೈದಳು. ಹೋಗುವಾಗ ಮಾರಕ್ಕ ಯಾರಿಗೂ ಹೇಳದೆ ಒಂದು ಸೇರು ಅಕ್ಕಿ, ಮೂರು ಬದನೆಕಾಯಿ ಬೇರಿನ ಮೇಲೆ ಇಟ್ಟುಹೋಗಿದ್ದಳು.

ಅನುಸೂಯ ಬದನೆಕಾಯಿ ಹೆಚ್ಚುತ್ತಾ ಅಳುತ್ತಿದ್ದಳು. "ನನ್ನಿಂದ ನಿಮ್ಗೆ ಶಿಕ್ಷೆ ಆಯ್ತಲ್ಲಮ್ಮಾ. ಈ ವಯಸ್ಸಲ್ಲಿ ಬಯಲಲ್ಲಿ ಮಲಗೋ ಹಂಗಾಯ್ತು."

"ಶಿಕ್ಷೆನಾ?" ಭದ್ರಮ್ಮ ಒಲೆಗೆ ಸೌದೆ ನೂಕಿದಳು. "ಇದನ್ನ ಶಿಕ್ಷೆ ಅಂತ ಕರ್ದೋರು ಯಾರೋ ದಡ್ಡರು. ನಮ್ಮೋರು ಓದ್ಮೇಲೆ ನಾನು ಒಬ್ಳಿಗೆ ಬೇಯ್ಸ್ಕೊಂಡು ಒಬ್ಳೇ ಉಂಡೆ ಕಣವ್ವಾ. ದಿನಾ ಅನ್ನ ಮಿಗೋದು. ಎಷ್ಟು ಕಮ್ಮಿ ಆಕಿದ್ರೂ ಮಿಗೋದು."

ಆಗಲೇ ಊರ ಗಡಿಯ ಕಡೆಯಿಂದ ಕೂಗು ಬಂತು. ಗಡಿ ಮುಚ್ಚುವ ಮುಂಚೆ ಯಜಮಾನ ಗಡಿಕಲ್ಲಿನ ಬಳಿ ನಿಂತು, ಹೊರಗೆ ಉಳಿದ ಮನೆಯನ್ನು ಕೂಗಿ ಕೇಳಬೇಕು. ಉಳಿದವರು ಹೇಳಬೇಕು. ಅದೂ ನೇಮದ್ದೇ.

"ಬೀಡ್ನಾಗಿರೋದು ಯಾರ್ ಮನೆಯೋ?"

ಭದ್ರಮ್ಮ ಬಾಯಿ ತೆರೆದಳು. ತನ್ನ ಪರವಾಗಿ ಇನ್ನೊಬ್ಬರು ಮಾತಾಡುವುದನ್ನು ಜನ್ಮದಲ್ಲಿ ಸಹಿಸದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಉತ್ತರ ಬಾರದ್ದಕ್ಕೆ ಮುದುಕ ಇನ್ನೊಮ್ಮೆ ಕೂಗಿದ. ಅನುಸೂಯ ಇಳಿಗೆಮಣೆ ಬಿಟ್ಟೆದ್ದು, ಕಣ್ಣೊರೆಸಿಕೊಂಡು, ಇದ್ದಷ್ಟು ಉಸಿರು ಎಳೆದುಕೊಂಡು ಕೂಗಿದಳು.

"ಭದ್ರಮ್ಮನ ಮನೇ!"

"ಎಷ್ಟು ಜನವೋ?"

ಈ ಸಲ ಭದ್ರಮ್ಮ ಯಾರಿಗೂ ಬಿಡಲಿಲ್ಲ. ಹುಡುಗಿಯ ಭುಜ ಹಿಡಿದು ಎದ್ದು ನಿಂತಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಮೂರು ಜನ ಕಣ್ ಬಾವಾ! ಮೂರು ಜನ! ಕೇಳಿಸ್ತಾ?" ಎಂದು ಹೊಳೆಯೆಲ್ಲ ಮೊಳಗುವ ಹಾಗೆ ಕೂಗಿ, ಶ್ಯಾಮಣ್ಣನ ಕಡೆಗೆ ತಿರುಗಿದಳು. "ನೀನೇನ್ಲಾ ಬಾಯಿ ಬಿಟ್ಕೊಂಡು ನಿಂತಿದ್ದೀಯ? ಓಗು, ನೀರು ತತ್ತಾ. ಇವತ್ತು ಅನ್ನ ಸಾಲದೆ ಬಂದಾತು."